ಗೀರಪ್ಪನವರ ಎಡ ಬಾಗಿಲು

ಬೀದಿಯವರು ಇಟ್ಟ ಹೆಸರು ಗೀರಪ್ಪ. ಕಾರಿನ ಮೇಲೆ ಕೂದಲೆಳೆಯಷ್ಟು ಗೀರು ಕಂಡರೂ ಅವರಿಗೆ ಅಂದು ಊಟ ಸೇರುವುದಿಲ್ಲ. ಭಾನುವಾರ ಕಾರು ನೆರಳಿಗೆ ಬಂದು ನಿಂತಿತೆಂದರೆ ಬೆಕ್ಕೂ ಆ ಕಡೆ ಸುಳಿಯದು. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಕಾರು ಒರೆಸುವ ದ್ರಾವಣ, ಅಷ್ಟೇ. ಆಮೇಲೆ ನೀರು ಹೊಯ್ದು ತೊಳೆಯುವ ಗೋಜಿಲ್ಲ. ಅವರ ಆತಂಕವೆಲ್ಲ ಅದಕ್ಕೇ: ಧೂಳನ್ನು ಕೊಚ್ಚಿಕೊಂಡು ಹೋಗಲು ನೀರಿಲ್ಲದ ಮೇಲೆ ಬಟ್ಟೆಯೇ ಅದನ್ನು ಮೆಲ್ಲಗೆ ಎತ್ತಿಕೊಳ್ಳಬೇಕು. ಪಕ್ಕದ ಮನೆಯವರು ಅಕ್ಕರೆಯಿಂದ ಬಾನೆಟ್ಟಿನ ಮೇಲೆ ಕೈಯಾಡಿಸಿದರೆ, “ಅಯ್ಯೋ, ಮುಟ್ಬೇಡಿ! ಧೂಳು ಇನ್ನೂ ನೆಂದಿಲ್ಲ!” ಎಂದು ಹಾವು ತುಳಿದವರಂತೆ ಕೂಗುತ್ತಾರೆ. ಮಡಿಸಿದ ಬಟ್ಟೆಯ ಒಂದು ಮಗ್ಗುಲು ಒಂದೇ ಸಲ, ಅದೂ ಒಂದೇ ದಿಕ್ಕಿಗೆ. ಸುತ್ತು ತಿರುಗಿಸಿ ಒರೆಸಿದ ಅಳಿಯ ಇವತ್ತಿಗೂ ಆ ಬಕೆಟ್ ಮುಟ್ಟುವಂತಿಲ್ಲ. “ನೆಲಕ್ಕೆ ಬಿತ್ತೋ, ಅದು ಬಟ್ಟೆಯಲ್ಲ, ಸ್ಯಾಂಡ್ ಪೇಪರ್! ಅತ್ತ ಬಿಸಾಡಿ!” ಆದರೆ ಹಿಂದಿನ ಎಡ ಬಾಗಿಲು ಮಾತ್ರ, ಮೊದಲ ಕಾರಿನ ಕಾಲದಿಂದಲೂ, ಹೆಂಡತಿಯ ಪಾಲು. ಈಗ ಆಕೆಯ ಕೈ ನಡುಗುತ್ತದೆ. ಬಟ್ಟೆ ಜಾರಿ ಮಣ್ಣಿಗೆ ಬೀಳುತ್ತದೆ. ಬಿದ್ದ ಕೂಡಲೇ ಗೀರಪ್ಪನವರು ಬೆನ್ನು ತಿರುಗಿಸಿ, ಆಗಲೇ ಹಿಂಡಿದ ತಮ್ಮ ಬಟ್ಟೆಯನ್ನೇ ಮತ್ತೆ ಹಿಂಡುತ್ತ ನಿಲ್ಲುತ್ತಾರೆ. ಸದ್ಯ, ಇವರು ನೋಡಲಿಲ್ಲ ಎಂದುಕೊಂಡು ಆಕೆ ಬಿದ್ದದ್ದನ್ನೇ ಎತ್ತಿಕೊಂಡು ಒರೆಸತೊಡಗುತ್ತಾರೆ. ಕರಕರ ಸದ್ದಿಗೆ ಗೀರಪ್ಪನವರ ದವಡೆ ಬಿಗಿಯುತ್ತದೆ. “ಹೇಗ್ ಬಂತು, ನೋಡ್ರೀ?” ಗೀರಪ್ಪನವರು ತಿರುಗಿ, ಹೊಸ ಗೀರಿನ ಮೇಲೆ ಅಂಗೈ ಊರಿ ನಿಂತು, “ಕನ್ನಡಿ ಥರ ಇದೆ ಕಣೇ” ಎನ್ನುತ್ತಾರೆ.