ಪಗಾರ ಏರಿಸುವವರ ಎದುರು ಶೇವಂತೆವ್ವ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾರ್ತಿಕದ ಚಳಿ. ವಿಜಾಪುರ ಜಿಲ್ಲೆಯ ಗೊಳಸಂಗಿಯಿಂದ ಮೂರು ಮೈಲಿ ಒಳಗಿರುವ ಬಿಳೇಮರಡಿಯ ಉಳ್ಳಾಗಡ್ಡಿ ಹೊಲದಲ್ಲಿ ಹನ್ನೆರಡು ಹೆಣ್ಣಾಳುಗಳು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ಗಡ್ಡೆ, ಬಲಗೈಯಲ್ಲಿ ಕುಡಗೋಲು. ಎಲೆ ತಪ್ಪಲು ಕೊಯ್ದು ಗಡ್ಡೆಯನ್ನು ಗುಂಪಿಗೆ ಎಸೆಯುವ ಸಪ್ಪಳವೊಂದೇ ಕೇಳುತ್ತದೆ. ಸಾಲಿನ ತುದಿಯಲ್ಲಿರುವ ನಲವತ್ನಾಲ್ಕರ ಹೆಂಗಸು ಉಳಿದವರಿಗಿಂತ ನಾಲ್ಕು ಮಾರು ಮುಂದಿದ್ದಾರೆ. ತಲೆ ಎತ್ತುವುದಿಲ್ಲ, ಮಾತಾಡುವುದಿಲ್ಲ. ಬೆರಳ ಸಂದಿಯಲ್ಲೆಲ್ಲ ಉಳ್ಳಾಗಡ್ಡಿಯ ರಸ ಇಳಿದು ಚರ್ಮ ಬಿರಿದಿದೆ.

ಇವರು ಶೇವಂತೆವ್ವ ಪೂಜಾರಿ. ದಿನಗೂಲಿ ಆಳು. ಕಳೆದ ನಾಲ್ಕು ವರ್ಷಗಳಿಂದ ಬಿಳೇಮರಡಿ ಗ್ರಾಮ ಪಂಚಾಯಿತಿಯ ಚುನಾಯಿತ ಸದಸ್ಯೆ. ಈ ಹೊಲದ ಒಡೆಯ ಶ್ರೀಶೈಲಗೌಡರು ಕೂಡ ಅದೇ ಪಂಚಾಯಿತಿಯ ಸದಸ್ಯರು. ಹೊಲದಲ್ಲಿ ಅವರು ಒಡೆಯ, ಇವರು ಆಳು. ಪಂಚಾಯಿತಿ ಕಟ್ಟೆ ಹತ್ತಿದರೆ ಇಬ್ಬರದೂ ಒಂದೊಂದೇ ಮತ. ಕಾಗದದ ಮೇಲೆ ಹಾಗಿದೆ. ಕಾಗದದ ಮೇಲಿನ ಮಾತು ನೆಲದ ಮೇಲೆ ನಿಜವಾಗಲು ಈ ಹೆಂಗಸು ಪಟ್ಟ ಪಾಡು ಯಾವ ಸರ್ಕಾರಿ ವರದಿಯಲ್ಲೂ ಇಲ್ಲ.

ಎರಡು ಸಾವಿರನೇ ಇಸವಿಯ ಚುನಾವಣೆಯಲ್ಲಿ ಅವರ ಓಣಿಯ ಸ್ಥಾನ ಮಹಿಳೆಗೆ ಮೀಸಲಾಯಿತು. ಯಾರನ್ನು ನಿಲ್ಲಿಸುವುದೆಂದು ಗುಡಿಯ ಕಟ್ಟೆಯ ಮೇಲೆ ಗಂಡಸರು ಮಾತಾಡಿಕೊಂಡರು. ಶೇವಂತೆವ್ವನ ಗಂಡ ಸಿದ್ದರಾಯ ಕುರಿ ಹಿಂಡಿನ ಸಂಗಡ ವರ್ಷದಲ್ಲಿ ಏಳು ತಿಂಗಳು ಊರೂರು ಅಲೆಯುವವರು. ಮನೆಯಲ್ಲಿ ಕೇಳುವವರಿಲ್ಲ, ಬಡವಿ, ಎದುರು ಮಾತಾಡುವವಳಲ್ಲ, ಇವಳೇ ಸರಿ ಎಂದು ಆರಿಸಿದರು. ‘ಎದುರ ಮಾತಾಡಂಗಿಲ್ಲ ಅಂತ ಅವರಿಗೆ ಯಾರ ಹೇಳಿದ್ರೋ ಏನೋ’ ಎಂದು ಶೇವಂತೆವ್ವ ಈಗ ನಗುತ್ತಾರೆ. ‘ನನ್ನ ಯಾರೂ ಕೇಳಿದ್ದಿಲ್ರಿ ಅಷ್ಟ.’

ಮೊದಲ ಸಭೆಗೆ ಅವರು ಹೊಸ ಕುಪ್ಪಸ ಹಾಕಿಕೊಂಡು ಹೋದರು. ಹನ್ನೊಂದಕ್ಕೆ ಕರೆದ ಸಭೆ ಒಂದು ಗಂಟೆಗೆ ಶುರುವಾಗಿ ಮೂರಕ್ಕೆ ಮುಗಿಯಿತು. ಅಲ್ಲಿಗೆ ಅವತ್ತಿನ ಕೂಲಿ ಹೋಯಿತು. ಆಗ ಹೆಣ್ಣಾಳಿಗೆ ದಿನಕ್ಕೆ ಮೂವತ್ತು ರೂಪಾಯಿ. ಸಭೆಗೆ ಬಂದದ್ದಕ್ಕೆ ಕೊಡುವ ಭತ್ಯೆ ಅದರ ಮೂರನೇ ಒಂದು ಪಾಲೂ ಅಲ್ಲ. ಅದು ಕೈಗೆ ಬರಲು ಆರು ತಿಂಗಳು. ಎರಡನೆಯ ಸಭೆಗೂ ಹೋದರು. ಮೂರನೆಯದಕ್ಕೆ ಹೋಗಲಿಲ್ಲ. ಮನೆಯಲ್ಲಿ ಜೋಳ ಮುಗಿದಿತ್ತು, ಮಗಳು ಸುರೇಖಾಗೆ ಜ್ವರ. ಅವತ್ತು ಕೂಲಿ ತಪ್ಪಿಸುವಂತಿರಲಿಲ್ಲ. ಗೌಡರ ಹೊಲಕ್ಕೇ ಕಳೆ ತೆಗೆಯಲು ಹೋದರು.

ಅದೇ ದಿನ ಸಭೆಯಲ್ಲಿ ಒಂದು ಠರಾವು ಪಾಸಾಯಿತು. ಶೇವಂತೆವ್ವನ ಓಣಿಗೆ ಮಂಜೂರಾಗಿದ್ದ ಕೊಳವೆಬಾವಿಯನ್ನು ‘ನೀರಿನ ಸೆಲೆ ಚಲೋ ಇರುವ ಜಾಗ’ಕ್ಕೆ ಬದಲಾಯಿಸಲಾಯಿತು. ಆ ಚಲೋ ಜಾಗ ಶ್ರೀಶೈಲಗೌಡರ ಹೊಲದ ಬದುವಿಗೆ ಹತ್ತಿಕೊಂಡಿತ್ತು. ಓಣಿಯ ಮೂವತ್ತೊಂದು ಮನೆಯ ಹೆಂಗಸರು ಒಂದೂಕಾಲು ಮೈಲಿ ದೂರದ ಹಳ್ಳದ ಒರತೆಗೆ ಹೋಗುವುದು ಹಾಗೇ ಮುಂದುವರಿಯಿತು.

‘ನಾ ಅವರ ಹೊಲ್ದಾಗ ಬಗ್ಗಿ ಕಳೆ ತಗಿಯಾಕತ್ತಿದ್ನಿ. ಅವರು ಅಲ್ಲಿ ಕುಂತು ನನ್ನ ಓಣಿ ನೀರ ತಗದ್ರು’ ಎನ್ನುತ್ತಾರೆ ಶೇವಂತೆವ್ವ. ‘ಊರ ಹೆಣ್ಮಕ್ಕಳು ಬಂದು ಮಾರಿಗೆ ಹೊಡದಂಗ ಕೇಳಿದ್ರು, ನೀ ಎಲ್ಲಿಗೆ ಹೋಗಿದ್ದಿ ಅಂತ. ಏನಂತ ಹೇಳ್ಲಿರಿ? ಮೂವತ್ತು ರೂಪಾಯಿಗಿ ಹೋಗಿದ್ನಿ ಅಂತ ಹೇಳ್ಲ್ಯಾ?’

ಮರುದಿನ ಅವರು ಕೂಲಿ ಬಿಟ್ಟು ಪಂಚಾಯಿತಿಗೆ ಹೋದರು. ಅಲ್ಲಿದ್ದವರು ಕಾರ್ಯದರ್ಶಿ ಅಬ್ದುಲರಜಾಕ. ಕೆಲಸದಲ್ಲಿ ಹುಷಾರಿ, ಮಾತಿನಲ್ಲಿ ಅಂಜುಬುರುಕ. ಅವರಿಬ್ಬರ ನಡುವಿನ ಮಾತು ಇಬ್ಬರಿಗೂ ಇನ್ನೂ ನೆನಪಿದೆ.

‘ಸಾಹೇಬ್ರ, ಈ ಭತ್ಯೆ ಇಷ್ಟ ಅಂತ ಠರಾಸಿದಾವರು ಯಾರ್ರಿ?’

‘ಸರಕಾರ ಅದವ್ವ. ಬೆಂಗಳೂರಾಗ.’

‘ಎಮ್ಮೆಲ್ಲೆ ಅವರ ಪಗಾರ?’

‘ಅದನ್ನ ಅವರ ವಿಧಾನಸಭಾದಾಗ ಮಸೂದೆ ತಂದು ಪಾಸ್ ಮಾಡ್ಕೋತಾರ.’

‘ಅಂದ್ರ ತಮ್ಮ ತಾಟಿಗೆ ತಾವ ಬಡಿಸ್ಕೋತಾರ?’

ಅಬ್ದುಲರಜಾಕ ಕಿಟಕಿಯ ಕಡೆ ನೋಡಿ, ‘ಸಣ್ಣಗ ಮಾತಾಡವ್ವ’ ಎಂದರಂತೆ.

ಅಲ್ಲಿಂದ ಶೇವಂತೆವ್ವ ಸುಮ್ಮನಾಗಲಿಲ್ಲ. ತಮ್ಮಂತೆ ಕೂಲಿಗೂ ಸಭೆಗೂ ನಡುವೆ ಹರಿದುಹೋಗುವ ಸದಸ್ಯೆಯರು ಬೇರೆ ಊರುಗಳಲ್ಲೂ ಇರಬೇಕೆಂದು ಅವರಿಗೆ ಅನಿಸಿತು. ಹುಡುಕುವುದೆಲ್ಲಿ? ವಾರದ ಸಂತೆಯಲ್ಲಿ. ಸಂತೆಯ ದಿನ ಆಳುಗಳಿಗೆ ರಜೆ. ಬಡವರ ಮನೆಯ ಹೆಂಗಸರೆಲ್ಲ ಉಪ್ಪು ಮೆಣಸಿನಕಾಯಿಗೆ ಬರುವ ದಿನ. ಮೊದಲು ಬಸವನ ಬಾಗೇವಾಡಿ, ಆಮೇಲೆ ಮುದ್ದೇಬಿಹಾಳ, ಸಿಂದಗಿ, ಇಂಡಿ. ನಿಡಗುಂದಿಯ ಹೆದ್ದಾರಿಗೆ ಬಂದು ಸಿಕ್ಕ ಬಸ್ಸು ಹಿಡಿಯುವುದು, ಸಂತೆಯ ಬಾಯಲ್ಲಿ ನಿಲ್ಲುವುದು. ‘ಯವ್ವಾ, ನಿಮ್ಮೂರಾಗ ಪಂಚಾಯ್ತಿ ಮೆಂಬರ್ ಹೆಣ್ಮಗಳು ಯಾರದಾಳ?’ ಎಂದು ಕೇಳುವುದು. ಕೆಲವರು ಹುಚ್ಚಿ ಎಂದರು. ಯಾವುದೋ ಪಾರ್ಟಿಯವಳು ಎಂದು ದೂರ ಸರಿದವರೂ ಉಂಟು.

ಸಿಂದಗಿಯ ಸಂತೆಯಲ್ಲಿ ಸಿಕ್ಕವರು ಯಂಕಂಚಿ ಕಡೆಯ ಸುವರ್ಣಾ. ಕುಪ್ಪಸ ಹೊಲಿಯುವ ಮಷೀನಿನ ಮೇಲೆ ಸಂಸಾರ ನಡೆಸುವ ಸುವರ್ಣಾ ಕೂಡ ತಮ್ಮ ಹಳ್ಳಿಯ ಪಂಚಾಯಿತಿ ಸದಸ್ಯೆ. ಏಳನೇ ಇಯತ್ತೆ ಓದಿದ್ದರು. ಅರ್ಜಿ ಬರೆದವರು ಅವರೇ. ‘ಅಕ್ಕ ಹೇಳ್ಕೋತ ಹೋದ್ಲು, ನಾ ಬರಕೋತ ಹೋದ್ನಿ. ಒಂದೂ ಮಾತು ನಂದಲ್ರಿ’ ಎನ್ನುತ್ತಾರೆ ಸುವರ್ಣಾ. ಎಂಟು ತಿಂಗಳಲ್ಲಿ ನಾಲ್ಕು ತಾಲೂಕುಗಳಿಂದ ಇನ್ನೂರಾ ಹನ್ನೊಂದು ಸದಸ್ಯೆಯರ ಸಹಿ ಮತ್ತು ಹೆಬ್ಬೆಟ್ಟು ಆ ಅರ್ಜಿಗೆ ಬಿದ್ದವು. ಅದರಲ್ಲಿ ಹೆಬ್ಬೆಟ್ಟೇ ಹೆಚ್ಚು.

ಅರ್ಜಿಯ ಬೇಡಿಕೆ ಹೆಚ್ಚೇನಲ್ಲ. ಸಭೆಗೆ ಬಂದ ದಿನ ಒಂದು ದಿನದ ಕೂಲಿಯಷ್ಟು ಭತ್ಯೆ ಕೊಡಿ. ಕೂಲಿ ಏರಿದಾಗ ಅದೂ ಏರಲಿ. ಅಷ್ಟೇ.

ಪಂಚಾಯಿತಿ ಸದಸ್ಯರ ಭತ್ಯೆ ಪರಿಶೀಲಿಸಲು ಒಂದು ಸಮಿತಿ ಜಿಲ್ಲೆಗೆ ಬರುತ್ತದೆಂಬ ಸುದ್ದಿಯನ್ನು ತಂದವರು, ಮಾತಿಗೆ ಅಂಜುವ ಅದೇ ಅಬ್ದುಲರಜಾಕ. ಹೊಲದ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಯಾರೂ ಇಲ್ಲವೆಂದು ನೋಡಿಕೊಂಡು, ತಾರೀಖು ಹೇಳಿ ಹೋದರಂತೆ. ಎರಡು ಸಾವಿರದ ಎರಡರ ಬೇಸಿಗೆ. ಹದಿನಾಲ್ಕು ಹೆಂಗಸರು ಬುತ್ತಿ ಕಟ್ಟಿಕೊಂಡು ವಿಜಾಪುರಕ್ಕೆ ಹೋದರು. ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದವರು ಇವರನ್ನು ಒಳಗೆ ಕರೆದದ್ದು ಮಧ್ಯಾಹ್ನ ನಾಲ್ಕಕ್ಕೆ. ಅಷ್ಟರಲ್ಲಿ ಒಳಗೆ ಎರಡು ಸಲ ಚಹಾ, ಒಂದು ಸಲ ಊಟ ಹೋಗಿತ್ತು. ಹೊರಗೆ ಕುಡಿಯುವ ನೀರಿನ ಕೊಡ ಖಾಲಿಯಾಗಿತ್ತು.

ಸಮಿತಿಯ ಶಾಸಕರೊಬ್ಬರು ಅರ್ಜಿಯ ಮೇಲೆ ಕಣ್ಣಾಡಿಸಿ, ‘ನೋಡಿ ತಾಯಿ, ಇದು ಜನಸೇವೆ. ಸೇವೆಗೆ ಬಂದವರು ಕೂಲಿ ಕೇಳಬಾರದು’ ಎಂದು ತಿಳಿ ಹೇಳಿದರು. ಎರಡು ನಿಮಿಷ ಮಾತ್ರ ಮಾತಾಡಬೇಕೆಂದು ಮೊದಲೇ ಹೇಳಲಾಗಿತ್ತು. ಶೇವಂತೆವ್ವ ಒಂದು ನಿಮಿಷವನ್ನೂ ಪೂರ್ತಿ ಬಳಸಲಿಲ್ಲ.

‘ಸೇವಾ ಅನ್ನೂದು ನಮಗಷ್ಟ ಐತೇನ್ರಿ ಸಾಹೇಬ್ರ? ನೀವೂ ಸೇವಾಕ್ಕ ಬಂದಾವರ ಅಲ್ಲೇನ್ರಿ? ನಿಮ್ಮ ಪಗಾರ ನೀವ ಏರಿಸ್ಕೋತೀರಿ. ನಮ್ಮ ಭತ್ಯೆ ನಿಮ್ಮ ಕೈಯಾಗ ಐತಿ. ಇಷ್ಟು ಮಾಡ್ರಿ. ನಮ್ಮದು ನಿಮ್ಮ ಕೈಯಾಗ ಇರ್ಲಿ, ನಿಮ್ಮ ಪಗಾರ ಏರಿಸೂದನ್ನ ನಮ್ಮ ಕೈಯಾಗ ಕೊಡ್ರಿ. ನಾವೂ ಪರಿಶೀಲನಾ ಮಾಡ್ತೇವಿ. ನಿಮ್ಮನ್ನೂ ಹೊರಗ ಬಿಸಲಾಗ ಕುಂಡರಸ್ತೇವಿ.’

ಒಳಗಿದ್ದವರು ನಕ್ಕರು. ಒಳ್ಳೆಯ ಚಟಾಕಿ ಕೇಳಿದವರಂತೆ ಮೇಜು ಕುಟ್ಟಿ ನಕ್ಕರು ಎನ್ನುತ್ತಾರೆ ಸುವರ್ಣಾ. ‘ಅಕ್ಕ ಮಾತ್ರ ನಗಲಿಲ್ರಿ. ಅವರ ನಗೂದು ಮುಗಿಯೂತನಾ ನಿಂತಿದ್ಲು. ಆಮೇಲೆ ಕೈ ಮುಗದು ಹೊರಗ ಬಂದ್ಲು. ಬಸ್ಸಿನ್ಯಾಗ ಸೆರಗ ಬಾಯಾಗ ತುರಕ್ಕೊಂಡು ಅತ್ಲು.’

ಆ ಅರ್ಜಿಗೆ ಬಂದ ಉತ್ತರ ಒಂದೇ ಸಾಲಿನದು: ‘ಸ್ವೀಕರಿಸಲಾಗಿದೆ.’ ಎರಡೂವರೆ ವರ್ಷವಾಯಿತು. ವರದಿ ಎಲ್ಲಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಟೇಬಲ್ ತೋರಿಸುತ್ತಾರೆ. ಈ ನಡುವೆ ಶಾಸಕರ ಸಂಬಳ, ದಿನಭತ್ಯೆ, ಪ್ರಯಾಣ ಭತ್ಯೆ ಏರಿಸುವ ಮಸೂದೆ ಬಂತು. ಅದಕ್ಕೆ ಅರ್ಜಿ ಬೇಕಾಗಲಿಲ್ಲ, ಯಾರೂ ಬಿಸಿಲಲ್ಲಿ ಕಾಯಲಿಲ್ಲ. ಬೆಳಗ್ಗೆ ಮಂಡನೆ, ಮಧ್ಯಾಹ್ನದೊಳಗೆ ಅಂಗೀಕಾರ. ಎಲ್ಲದಕ್ಕೂ ಕಚ್ಚಾಡುವ ಪಕ್ಷಗಳು ಅವತ್ತು ಒಂದೇ ದನಿಯಲ್ಲಿ ಹೂಂಗುಟ್ಟಿದವು. ಏರಿಸಿದ್ದು ತಪ್ಪೆಂದು ಶೇವಂತೆವ್ವ ಹೇಳುವುದಿಲ್ಲ. ‘ಅವರಿಗೂ ಹೊಟ್ಟಿ ಐತಿ, ತುಟ್ಟಿ ಕಾಲ ಐತಿ, ಏರಿಸ್ಕೊಳ್ಳಿ. ಆದ್ರ ತುಟ್ಟಿ ಕಾಲ ಬೆಂಗಳೂರಿಗಷ್ಟ ಬಂದೈತೇನ್ರಿ? ಬಿಳೇಮರಡಿಗಿ ಬಂದಿಲ್ಲೇನು?’

ಮೇಲಿನವರಿಂದ ಏನೂ ಬರುವುದಿಲ್ಲವೆಂದು ಖಾತ್ರಿಯಾದಾಗ ಅವರು ತಮ್ಮ ಪಂಚಾಯಿತಿಯ ಕಡೆ ತಿರುಗಿದರು. ಹನ್ನೊಂದು ಸದಸ್ಯರಲ್ಲಿ ಶೇವಂತೆವ್ವನನ್ನೂ ಸೇರಿಸಿ ಆರು ಮಂದಿ ಕೂಲಿಯವರು. ಒಬ್ಬೊಬ್ಬರ ಮನೆಗೂ ಹೋಗಿ ಕೂತು, ತಮ್ಮ ಬೇಡಿಕೆ ಸಭೆಯ ಮುಂದೆ ಬರುವ ತನಕ ಹೋಗುವುದು ಬೇಡವೆಂದು ಮಾತಾಡಿದರು. ಮನೆ ಹಂಚಿಕೆಯ ಪಟ್ಟಿ ತೀರ್ಮಾನವಾಗಬೇಕಿದ್ದ ಸಭೆಗೆ ಆ ಆರು ಮಂದಿಯೂ ಹೋಗಲಿಲ್ಲ. ಅರ್ಧದಷ್ಟು ಸದಸ್ಯರಿಲ್ಲದೆ ಸಭೆ ನಡೆಯಲಿಲ್ಲ. ಮುಂದಿನ ವಾರ ಮತ್ತೆ ಕರೆದರು. ಆರೂ ಮಂದಿ ಮತ್ತೆ ಹೊಲದಲ್ಲೇ ಇದ್ದರು. ಪಟ್ಟಿ ಕಳಿಸುವ ಗಡುವಿಗೆ ಎರಡೇ ದಿನ ಉಳಿದಿತ್ತು.

ಶ್ರೀಶೈಲಗೌಡರು ಹೊಲಕ್ಕೆ ಬಂದು ಬದುವಿನ ಮೇಲೆ ನಿಂತರು. ‘ಏ ಶೇವಂತಿ, ನಾಳಿಯಿಂದ ನಮ್ಮ ಹೊಲಕ್ಕ ಬರಬ್ಯಾಡ’ ಎಂದರು.

‘ಆತ್ರಿ ಗೌಡ್ರ’ ಎಂದು ಶೇವಂತೆವ್ವ ಕುಡಗೋಲು ನೆಲಕ್ಕಿಟ್ಟು ಎದ್ದರು. ಅವರ ಹಿಂದೆಯೇ ಸಾಲಿನಲ್ಲಿದ್ದ ಹನ್ನೊಂದೂ ಹೆಣ್ಣಾಳುಗಳು ಎದ್ದು ನಿಂತರು. ಅವರ್‍ಯಾರೂ ಸದಸ್ಯೆಯರಲ್ಲ; ಒರತೆಯಿಂದ ನೀರು ಹೊರುವ ಓಣಿಯವರು. ಕಿತ್ತು ಹಾಕಿದ ಉಳ್ಳಾಗಡ್ಡಿ ಹೊಲದ ತುಂಬ ಬಿದ್ದಿತ್ತು, ಮೋಡ ಕಟ್ಟಿತ್ತು. ಗೌಡರು ಮೋಡ ನೋಡಿದರು, ಹೆಂಗಸರನ್ನು ನೋಡಿದರು. ಬದು ಇಳಿದು ಹೊರಟುಹೋದರು. ಸಂಜೆ ಅಬ್ದುಲರಜಾಕ ಠರಾವಿನ ಪುಸ್ತಕ ಬಗಲಲ್ಲಿಟ್ಟುಕೊಂಡು ಶೇವಂತೆವ್ವನ ಮನೆಗೆ ಬಂದು, ‘ಏನು ಬರೀಬೇಕು ಹೇಳವ್ವ, ನಾಳೆ ಸಭಾದ ಮುಂದ ಇಡ್ತೇನಿ’ ಎಂದರು.

ಮರುದಿನದ ಸಭೆಯಲ್ಲಿ ಆರು ಮತಗಳಿಂದ ಎರಡು ಠರಾವು ಪಾಸಾದವು. ಇನ್ನು ಮುಂದೆ ಸಭೆ ಆಳುಗಳಿಗೆ ರಜೆಯಿರುವ ಸಂತೆಯ ದಿನ, ಬೆಳಿಗ್ಗೆ ಎಂಟಕ್ಕೆ. ಗೌಡರ ಹೊಲದ ಪಕ್ಕದ ಕೊಳವೆಬಾವಿಯಿಂದ ಓಣಿಗೆ ಪೈಪು. ಪೈಪು ಬರಲು ಹನ್ನೊಂದು ತಿಂಗಳು ಹಿಡಿಯಿತು. ಆದರೆ ಬಂತು. ದಿನಕ್ಕೆ ಒಂದು ತಾಸು ನೀರು ಬರುತ್ತದೆ. ಗೌಡರು ಮೂರು ವಾರ ಶೇವಂತೆವ್ವನನ್ನು ಕೆಲಸಕ್ಕೆ ಕರೆಯಲಿಲ್ಲ. ಆಮೇಲೆ ಕರೆದರು. ಅಷ್ಟು ಚುರುಕಾಗಿ ತಪ್ಪಲು ಕೊಯ್ಯುವ ಕೈ ಸುತ್ತಮುತ್ತ ಇನ್ನೊಂದಿಲ್ಲ.

ಸಭೆಯ ಭತ್ಯೆ ಮಾತ್ರ ಇದ್ದಲ್ಲೇ ಇದೆ. ಹೆಣ್ಣಾಳಿನ ಕೂಲಿ ಈಗ ಐದು ರೂಪಾಯಿ ಏರಿದೆ, ಅದನ್ನು ಏರಿಸಿದ್ದು ಯಾವ ಸಮಿತಿಯೂ ಅಲ್ಲ. ಬರುವ ವರ್ಷ ಪಂಚಾಯಿತಿ ಚುನಾವಣೆ. ಸ್ಥಾನದ ಮೀಸಲಾತಿ ಬದಲಾಗುತ್ತದೆ, ಶೇವಂತೆವ್ವನಿಗೆ ಮತ್ತೆ ನಿಲ್ಲುವ ಅವಕಾಶ ಸಿಗುವುದು ಅನುಮಾನ. ಅದರ ಚಿಂತೆ ಅವರಿಗಿಲ್ಲ. ಹೊತ್ತೇರಿದೆ. ಬದುವಿನ ಮೇಲೆ ಕೂತು ರೊಟ್ಟಿ ಮುರಿಯುತ್ತ, ಆಸೆ ಏನಾದರೂ ಉಂಟೇ ಎಂದು ಕೇಳಿದ್ದಕ್ಕೆ ಶೇವಂತೆವ್ವ ಹೇಳುತ್ತಾರೆ:

‘ಒಂದ ಐತ್ರಿ. ಮುಂದಿನ ಸಲ ಎಮ್ಮೆಲ್ಲೆ ಅವರು ತಮ್ಮ ಪಗಾರ ಏರಿಸ್ಕೊಳ್ಳೂ ದಿನಾ ನನ್ನ ವಿಧಾನಸಭಾದಾಗ ಒಂದ ಮೂಲ್ಯಾಗ ಕುಂಡರಸ್ರಿ. ನಾ ಏನೂ ಮಾತಾಡಂಗಿಲ್ಲ. ಕೈ ಎತ್ತೂ ಮುಂದ ಅವರ ಮಾರಿ ನೋಡ್ಕೋತ ಸುಮ್ನ ಕುಂತಿರ್ತೇನಿ.’