ಬೆಲ್ಲ ಹೆಚ್ಚಾದ ನೆಲ

ಅಕ್ಕನ ಗಂಡನ ಕೆಲಸ, ಬೈಕು, ತಲೆಗೂದಲು ಯಾವುದರ ಮೇಲೂ ನನಗೆ ಹೊಟ್ಟೆಕಿಚ್ಚಿಲ್ಲ. ಸರಿ, ತಲೆಗೂದಲ ಮೇಲೆ ಸ್ವಲ್ಪ ಇದೆ. ಆದರೆ ನಾನು ನಿಜವಾಗಿ ಉರಿದುಹೋದದ್ದು ಹೊನ್ನಾವರದ ಅವರ ಮನೆಯ ನೆಲ ನೋಡಿ.

ಭಾವ ಹಾಕಿಸಿದ್ದು ಚಿಪ್ಪಿನ ಸುಣ್ಣದ ಕೆಂಪು ನೆಲ. ಅದೇ ವರ್ಷ ನಾನು ಕುಮಟಾದ ನಮ್ಮ ಮನೆಗೆ ಭಟ್ಕಳದಿಂದ ಟೈಲ್ಸ್ ತಂದು ಹಾಕಿಸಿದ್ದೆ. ಮುಖ ನೋಡಿ ಕ್ರಾಪು ತೆಗೆಯುವಷ್ಟು ಹೊಳಪು. ಮಳೆಗಾಲ ಶುರುವಾದದ್ದೇ ತಡ, ಟೈಲ್ಸ್ ನನಗಿಂತ ಹೆಚ್ಚು ಬೆವರತೊಡಗಿತು. ಒಂದು ಬೆಳಿಗ್ಗೆ ಅವ್ವಿ ಚಾ ಹಿಡಿದುಕೊಂಡು ಹೊರಟವಳು ಅಡುಗೆಮನೆಯಿಂದ ಜಗಲಿವರೆಗೆ ಕೂತಲ್ಲೇ ಜಾರಿಕೊಂಡು ಬಂದಳು. ಎಲುಬು ಮುರಿಯಲಿಲ್ಲ. ಮರುದಿನ "ನಾಲ್ಕು ದಿನ ಮಗಳ ಮನಿಗೆ ಹೋಗಿ ಬರ್ತೆ" ಎಂದು ಕವಳದ ಡಬ್ಬಿ ಎತ್ತಿಕೊಂಡು ಹೊನ್ನಾವರದ ಬಸ್ಸು ಹತ್ತಿದಳು.

ಎಲೆ, ಅಡಿಕೆ, ಸುಣ್ಣ ತುಂಬಿದ ಆ ಡಬ್ಬಿ ಎಲ್ಲಿದೆಯೋ ಅವ್ವಿಯ ಮನೆ ಅಲ್ಲಿ. ನಾಲ್ಕು ದಿನ ಹೋಗಿ ಎರಡು ತಿಂಗಳಾಯಿತು. ಫೋನಿನಲ್ಲಿ ಬರೀ ನೆಲದ ವರ್ಣನೆ.

"ಎಷ್ಟು ಚಲೋ ಅದ್ಯೋ ತಮ್ಮಾ! ಸೆರಗು ಹಾಸ್ಕಂಡು ಬಿದ್ಕಂಡ್ರೆ ಸಂಜೆವರೆಗೆ ಎಚ್ಚರಿಲ್ಲ."

"ನಮ್ಮನೇಲೂ ಫ್ಯಾನ್ ಅದೆ ಅವ್ವಿ."

"ಫ್ಯಾನು ಮೇಲದೆ. ನಾ ಬೀಳೂದು ಕೆಳಗೆ."

ಅವಳ ಕೋಣೆಗಾದರೂ ಪರಿಸರಕ್ಕೆ ಒಗ್ಗುವ ನೆಲ ಹಾಕಿಸಿ, ಡಬ್ಬಿ ವಾಪಸ್ ತರಲೇಬೇಕೆಂದು ಹಠ ತೊಟ್ಟೆ. ಬಿದಿರಿನ ಹಲಗೆ? ನಮ್ಮ ಗೆದ್ದಲುಗಳು ಪಂಕ್ತಿ ಹಾಕಿ ಕೂತಾವು. ಸಗಣಿ ಸಾರಿಸಿದ ನೆಲ? ಸಾರಿಸುವವನು ನಾನೇ ಎಂದು ಹೊಳೆದ ಕ್ಷಣವೇ ಬಿಟ್ಟೆ. ಕಡೆಗೆ ಉಳಿದದ್ದು ಭಾವ ಮಾಡಿದ್ದೇ. ಅವರನ್ನೇ ಕೇಳಬಹುದಿತ್ತು. ಕೇಳುವುದಕ್ಕಿಂತ ಆ ಬೆವರುವ ಟೈಲ್ಸ್ ಮೇಲೆ ನಾನೂ ಒಂದು ಸಲ ಜಾರಿ ಬೀಳುವುದು ವಾಸಿ ಅನಿಸಿತು. ಅವರ ನೆಲ ಮಾಡಿದ ಗಾರೆ ಕೆಲಸದ ಅಜ್ಜನನ್ನೇ ಗುಟ್ಟಾಗಿ ಹಿಡಿದು ತಂದೆ.

ಪರಿಸರಕ್ಕೆ ಒಳ್ಳೆಯ ನೆಲ ಬೇಕು ಎಂದೆ. ಅಜ್ಜ ಕೋಣೆ ನೋಡಿ ಕೇಳಿದ, "ಪರಿಸರ ಉಳಿಸೂಕೆ ಗಟ್ಟಿ ಇದ್ದ ಟೈಲ್ಸ್ ಒಡಿಸ್ತ್ಯಾ?"

ಕಿತ್ತ ಟೈಲ್ಸನ್ನು ಬಾವಿಕಟ್ಟೆಯ ಸುತ್ತ ಹಾಸಿ ಮರ್ಯಾದೆ ಉಳಿಸಿಕೊಂಡೆ.

ಅಘನಾಶಿನಿ ಹೊಳೆಯ ಚಿಪ್ಪು ಸುಟ್ಟ ಸುಣ್ಣವನ್ನು ಅಜ್ಜ ದಿನಗಟ್ಟಲೆ ನೀರಲ್ಲಿ ನೆನೆಸಿಟ್ಟ. ಆಮೇಲೆ ಚಿರೆಕಲ್ಲಿನ ಪುಡಿ, ಕೆಂಪು ಬಣ್ಣ, ಅಂಟು ಬರಲು ತುಸು ಬೆಲ್ಲದ ನೀರು ಸೇರಿಸಿದ.

"ನಮ್ಮ ಭಾವನ ಮನೆಗೂ ಇಷ್ಟೇ ಬೆಲ್ಲನಾ?"

"ಇಷ್ಟೇ."

ನನ್ನೊಳಗಿನ ಕಿಚ್ಚು ಭುಗ್ಗೆಂದಿತು. ಅವರಷ್ಟೇ ಹಾಕಿದರೆ ಅವರದರಷ್ಟೇ ಆದೀತು, ಮೇಲಾಗುವುದು ಹೇಗೆ? ಅಜ್ಜ ಊಟಕ್ಕೆ ಹೋದಾಗ ಅಡುಗೆಮನೆಯ ಬೆಲ್ಲದ ಡಬ್ಬಿಯನ್ನು ಪೂರ್ತಿ ಕರಗಿಸಿ ಗಾರೆಗೆ ಸುರಿದೆ. ಅಜ್ಜ ಬಂದು ಕೈ ಹಾಕಿ, "ಎಂತದಾ, ಇಷ್ಟು ನೀರಾಯ್ತಲ್ಲ?" ಎಂದ. ಸೆಖೆಗೆ ಇರಬೇಕು ಎಂದೆ. ಪುಡಿ ಸೇರಿಸಿ ಬಡಿದು, ಉಜ್ಜಿ, ಹದಿನೈದು ದಿನ ಕಾಲಿಡಬೇಡ ಎಂದು ಹೇಳಿ ಹೋದ. ನಾನು ನಾಲ್ಕನೇ ದಿನವೇ ಅವ್ವಿಗೆ ಫೋನ್ ಮಾಡಿದೆ.

ಅವ್ವಿ ಬಂದಳು, ಭಾವನ ಜೊತೆ. ಕೈಯಲ್ಲಿ ಡಬ್ಬಿ ಇರಲಿಲ್ಲ. ನೋಡಿ ಹೋಗಲು ಬಂದವಳು ಅಷ್ಟೇ. ಬಾಗಿಲು ತೆರೆದೆ. ಮೂಲೆಯಿಂದ ಮೂಲೆಗೆ ಇರುವೆಗಳ ಮೆರವಣಿಗೆ. ಕುಮಟಾ ತಾಲೂಕಿನ ಇರುವೆಗಳೆಲ್ಲ ಬಂದಿದ್ದವು, ಅಂಕೋಲೆಯವೂ ಕೆಲವು ಇದ್ದಂತಿತ್ತು. ಅವ್ವಿ ಒಂದು ಹೆಜ್ಜೆ ಇಟ್ಟಳು. ಪಾದ ಎತ್ತಿದರೆ ನೆಲವೂ ಜೊತೆಗೆ ಎದ್ದು ಬಂತು.

"ನೆಲ ಮಾಡಿದ್ಯೋ, ಪಾಯಸ ಮಾಡಿದ್ಯೋ?"

ಭಾವ ಬಗ್ಗಿ ಮುಟ್ಟಿ ನೋಡಿದರು. "ಬೆಲ್ಲ ಎಷ್ಟು ಹಾಕ್ದೆ ಮಾರಾಯಾ?"

"ನೀವು ಹಾಕಿದ್ದಕ್ಕಿಂತ ಜಾಸ್ತಿ."

"ಎಂತಕ್ಕೆ?"

"ಅವ್ವಿ ಇಲ್ಲೇ ಬಿದ್ಕಳ್ಳಲಿ ಅಂತ."

ಅವ್ವಿ ಕೆಂಪು ಮೆತ್ತಿದ ಪಾದವನ್ನು ಹೊಸಿಲಿಗೆ ಒರೆಸಿಕೊಂಡು, "ಇದ್ನ ಮೊದ್ಲೇ ಬಾಯಿಬಿಟ್ಟು ಹೇಳೂಕೆ ಎಂತಾಗಿತ್ತೋ ನಿಂಗೆ?" ಎಂದಳು.

ಭಾವ ಲುಂಗಿ ಎತ್ತಿ ಕಟ್ಟಿದರು. ಇಬ್ಬರೂ ಕೂತು ಪಾಯಸವನ್ನೆಲ್ಲ ಕೆರೆದೆವು. ಅಜ್ಜ ಬೈಯುತ್ತಲೇ ಮತ್ತೆ ಗಾರೆ ಕಲಸಿದ, ಈ ಸಲ ಬೆಲ್ಲವನ್ನು ಊಟಕ್ಕೆ ಹೋಗುವಾಗ ಸೊಂಟಕ್ಕೆ ಕಟ್ಟಿಕೊಂಡೇ ಹೋದ. ನೆಲ ಗಟ್ಟಿಯಾದ ಮೇಲೆ ಭಾವ ಭಾನುವಾರ ಭಾನುವಾರ ಬಂದು ಹೊಳೆಯ ನುಣುಪುಕಲ್ಲಿನಿಂದ ತಿಕ್ಕಿ, ತೆಂಗಿನೆಣ್ಣೆ ಹಚ್ಚಿದರು. ಅವರು ಒಂದು ಗೋಡೆಯಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ನಾನು ನಾಲ್ಕು ಸಲ ಬೆನ್ನು ಹಿಡಿದುಕೊಂಡಿದ್ದೆ.

ಕೊನೆಗೊಂದು ಭಾನುವಾರ ಮಧ್ಯಾಹ್ನ ಅವ್ವಿ ಬಂದಳು. ಕೈಯಲ್ಲಿ ಡಬ್ಬಿ ಇತ್ತು. ಅದನ್ನು ತಲೆಯ ಹತ್ತಿರ ಇಟ್ಟು, ಸೆರಗು ಹಾಸಿ ಮಲಗಿ, ಅಂಗೈಯಿಂದ ನೆಲ ಸವರಿದಳು.

"ಅಲ್ಲಿಗಿಂತ ತಂಪದೆ ಇಲ್ಲಿ. ಆತು, ಇನ್ನು ಇಲ್ಲೇ."

ಈ ಮಾತಿಗಾಗಿ ಎರಡು ಮಳೆಗಾಲದಷ್ಟು ಕಾದಿದ್ದೆ. ತಕ್ಷಣ ಭಾವನ ಮುಖ ನೋಡಿದೆ, ಒಂದು ಚೂರಾದರೂ ಹೊಟ್ಟೆ ಉರಿದಿರಬೇಕಲ್ಲ. ಅವರು ಬಾಗಿಲಿಗೆ ಒರಗಿ, ಎಣ್ಣೆ ಕೈಯನ್ನು ದಟ್ಟ ಕೂದಲಿಗೆ ಒರೆಸಿಕೊಳ್ಳುತ್ತ, ಮನಸಾರೆ ನಗುತ್ತಿದ್ದರು. ಅದನ್ನು ನೋಡಿ ನನಗೆ ಮತ್ತೆ ಉರಿಯಿತು.