ಹಾಜರಿ ಪುಸ್ತಕದ ಹತ್ತನೆಯ ಹೆಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡು ಬಾ ಎಂದು ಕಳಿಸಿದರೆ, ಇದ್ದ ಮಗುವೊಂದನ್ನು ಕಳೆದುಕೊಂಡು ಬಂದ ಶಿಕ್ಷಕ ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಯಾರೂ ಕೈ ಹಿಡಿದು ಮಾಡಿಸಿದ್ದಲ್ಲ. ನಾಲ್ಕು ಜನ ನಕ್ಕರು, ನಾನು ಉಬ್ಬಿದೆ, ಅಷ್ಟೆ.

ಎರಡು ವರ್ಷದ ಹಿಂದಿನ ಮಾತು. ತೆರಕಣಾಂಬಿಯಿಂದ ಮೂರು ಕಿಲೋಮೀಟರ್ ಒಳಗಿರುವ ಊರೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಸತತ ಎರಡನೇ ವರ್ಷ ಅತಿಥಿ ಶಿಕ್ಷಕನಾಗಿದ್ದೆ. ಅತಿಥಿ ಎಂದ ಕೂಡಲೇ ಎಲೆ ಹಾಕಿ ಬಡಿಸುತ್ತಾರೆಂದು ತಿಳಿಯಬೇಡಿ. ಖಾಯಂ ಶಿಕ್ಷಕರು ಸಾಲದ ಕಡೆ ಜೂನ್‌ನಲ್ಲಿ ಕರೆದು, ವರ್ಷದ ಕೊನೆಗೆ ಕೈಮುಗಿದು ಕಳಿಸುವ ಹುದ್ದೆ ಇದು. ಒಂದರಿಂದ ಐದನೇ ತರಗತಿವರೆಗೆ ಒಟ್ಟು ಹತ್ತು ಮಕ್ಕಳು, ಎರಡು ಕೋಣೆ, ಮುಖ್ಯ ಶಿಕ್ಷಕಿ ರಾಜಮ್ಮಣ್ಣಿ ಮೇಡಂ, ಮತ್ತು ನಾನು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಇದಕ್ಕೆ ನಲಿ-ಕಲಿ ಎಂದು ಹೆಸರು: ಕಾರ್ಡು, ಹಾಡು, ಚಟುವಟಿಕೆಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಕ್ರಮ. ಕ್ರಮವೇನೋ ಒಳ್ಳೆಯದೇ. ಟೀಚರಿಗೆ ಇರುವುದು ಒಂದೇ ಬಾಯಿ ಎಂಬುದಷ್ಟೇ ತೊಡಕು.

ನನಗೆ ಮಾತ್ರ ಬಾಯಿ ಹತ್ತಾರು. ಬಸ್ ಕಂಡಕ್ಟರ್, ತರಕಾರಿ ತುಂಬಲು ಬರುವ ಕೇರಳದ ಲಾರಿ ಡ್ರೈವರ್, ತಪಾಸಣೆಗೆ ಬರುವ ಸಾಹೇಬರು, ಎಲ್ಲರ ದನಿಗಳೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಹಾಗಾಗಿಯೇ ಜೂನ್ ಮೊದಲ ವಾರದ ದಾಖಲಾತಿ ಆಂದೋಲನಕ್ಕೆ, ಅಂದರೆ ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿ ಎಂದು ಕೇಳಿಕೊಳ್ಳುವ ಕೆಲಸಕ್ಕೆ, ಮೇಡಂ ನನ್ನನ್ನು ಮುಂದೆ ಬಿಟ್ಟರು.

ಹಾಲಿನ ಡೈರಿಯ ಜಗುಲಿಯ ಮೇಲೆ ಹದಿನೈದು ಜನ ಸೇರಿದ್ದರು. ಮೊದಲು ಚಾಮರಾಜನಗರದ ಖಾಸಗಿ ಶಾಲೆಯ ಪ್ರಿನ್ಸಿಪಾಲರ ದನಿ ಮಾಡಿದೆ. ಜನ ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಇನ್ನೂ ಮಾಡಿ ಎಂದರು. ಮೇಡಂ ಇನ್ನೊಂದು ಬೀದಿಯಲ್ಲಿದ್ದಾರೆ ಎಂಬ ಧೈರ್ಯದಲ್ಲಿ ಅವರ ದನಿಯನ್ನೇ ತೆಗೆದೆ. ಮೂರು ತರಗತಿಗೆ ಒಟ್ಟಿಗೇ ಪಾಠ ಹೇಳುವ ದೃಶ್ಯ: “ಒಂದನೇದವ್ರು ಅಆಇಈ ತಿದ್ರಿ. ಎರಡನೇದವ್ರು ಮಗ್ಗಿ ಹೇಳ್ರಿ. ಮೂರನೇದವ್ರು ಸುಮ್ನೆ ಕೂತ್ಕಳ್ರಿ, ಬತ್ತೀನಿ!”

ಜಗುಲಿಯೇ ಅದುರಿತು. ನಗದಿದ್ದವಳು ಒಬ್ಬಳೇ. ಡೈರಿ ಕಾರ್ಯದರ್ಶಿ ಮಾದೇಶನ ಹೆಂಡತಿ ಮಂಜುಳ. ಅವಳ ಮಗಳು ಭೂಮಿಕ ಆ ಜೂನ್‌ನಲ್ಲಿ ಮೂರನೇ ತರಗತಿಗೆ ಬರುವವಳಿದ್ದಳು.

“ಅಂಗಾರೆ ಮೂರ್ನೇ ಕ್ಲಾಸಿನವ್ರು ಸುಮ್ನೇನೇ ಕೂತಿರ್ತಾರಾ ಸಾ?” ಎಂದು ಕೇಳಿದಳು.

“ಅಯ್ಯೋ, ತಮಾಷೆಗಂದೆ ಕಣಮ್ಮ.”

“ತಮಾಷೆಗೇ ಕೇಳ್ದೆ, ಏಳಿ ಸಾ. ಕೂತಿರ್ತಾರಾ?”

ಸುಳ್ಳು ಹೇಳಲು ಯಾವ ದನಿಯೂ ಒದಗಲಿಲ್ಲ. ಮುಂದಿನ ವಾರ ಅವಳು ಬಂದು ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಬರೆಸಿಕೊಂಡು ಹೋದಳು. ಹಾಜರಿ ಪುಸ್ತಕದ ಹತ್ತನೆಯ ಹೆಸರಿಗೆ ಮೇಡಂ ಕೆಂಪು ಗೆರೆ ಎಳೆದರು. ಜಗುಲಿಯ ಸುದ್ದಿ ಅವರಿಗೂ ಮುಟ್ಟಿತ್ತು, ಎಳೆಯುವಾಗ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಅನುಕರಿಸಲು ಏನಾದರೂ ಸಿಗುತ್ತಿತ್ತು.

ಮನೆ ಬದಲಾಯಿಸಿದರು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇಲ್ಲಿ ಬದಲಾದದ್ದು ಅರ್ಧ ಮನೆ. ಡೈರಿಯಲ್ಲಿ ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಹಾಲು ಅಳೆಯಲು ಮಾದೇಶ ಇರಲೇಬೇಕು. ಹಾಲಿನಲ್ಲಿ ಲ್ಯಾಕ್ಟೋಮೀಟರ್ ತೇಲಿಸಿ ಎಷ್ಟು ನೀರು ಬೆರೆತಿದೆ ಎಂದು ಹೇಳುವವನು ಊರಿಗೆ ಅವನೊಬ್ಬನೇ. ಆದ್ದರಿಂದ ತಾಯಿ ಮಗಳು ಚಾಮರಾಜನಗರದಲ್ಲಿ ಒಂದು ರೂಮು ಮಾಡಿದರು. ಅವನು ಊರಲ್ಲೇ ಉಳಿದ. ರೂಮು ಇದ್ದದ್ದು ನನ್ನ ಬಾಡಿಗೆ ಕೋಣೆಯ ಹಿಂದಿನ ಬೀದಿಯಲ್ಲಿ. ನಾನು ಚಾಮರಾಜನಗರದಿಂದ ದಿನವೂ ಬಸ್ಸಿನಲ್ಲಿ ಆ ಹಳ್ಳಿಗೆ ಓಡಾಡುತ್ತಿದ್ದವನು. ಬೆಳಿಗ್ಗೆ ಭೂಮಿಕ ಶೂ ಹಾಕಿಕೊಂಡು ಪೇಟೆಯ ಶಾಲೆಗೆ ನಡೆಯುವ ಹೊತ್ತಿಗೆ, ಅವಳು ಬಿಟ್ಟು ಬಂದ ಶಾಲೆಗೆ ನಾನು ಬಸ್ ಹತ್ತುತ್ತಿದ್ದೆ. ಅವಳು ಒಮ್ಮೆಯೂ ಕೈ ಬೀಸಲಿಲ್ಲ.

ಜುಲೈಯಿಂದ ಮಾದೇಶ ಸಂಜೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಲು ಕೊಟ್ಟು ಕಳಿಸತೊಡಗಿದ. “ಪಾಕೆಟ್ ಹಾಲ ಕೂಸು ಮುಟ್ಟಕಿಲ್ಲ ಸಾ. ಒಸಿ ಕೊಟ್ಬುಡಿ.” ಶಿಕ್ಷಕ, ಮಿಮಿಕ್ರಿಯವನು, ಈಗ ಹಾಲಿನವನು. ಬಡ್ತಿ ಎಂದರೆ ಇದು.

ಡಬ್ಬಿ ಕೊಡಲು ಹೋದಾಗ ಮಂಜುಳ ನನಗೆ ಮಗಳ ನೋಟ್‌ಪುಸ್ತಕ ತೋರಿಸುತ್ತಿದ್ದಳು. ಭೂಮಿಕ ಭಾಗಾಕಾರ ಕಲಿತಿದ್ದಳು. ಇಂಗ್ಲಿಷಿನಲ್ಲಿ ಹಸುವಿನ ಮೇಲೆ ಆರು ಸಾಲು, ತಪ್ಪಿಲ್ಲದೆ. ನಮ್ಮಲ್ಲಿ ವರ್ಷದಲ್ಲಿ ಆಗದ್ದು ಅಲ್ಲಿ ಎರಡು ತಿಂಗಳಿಗೆ ಆಗಿತ್ತು. ಇದನ್ನು ಬರೆಯಲು ನನಗೆ ಖುಷಿಯಿಲ್ಲ, ಆದರೂ ನಿಜ. ಜೊತೆಗೆ ಶಾಲೆಯಿಂದ ಮನೆಗೆ ಬರುವ ದಿನಚರಿ ಪುಸ್ತಕದಲ್ಲಿ ಅಲ್ಲಿನ ಮಿಸ್ಸಿನ ಒಂದು ಸಾಲೂ ಇತ್ತು: ಮಗು ತರಗತಿಯಲ್ಲಿ ಮಾತನಾಡುತ್ತಿಲ್ಲ, ಗಮನಿಸಿ.

ನಮ್ಮ ಶಾಲೆಯಲ್ಲಿ ನಾನು ತಡವಾದರೆ ತಾನೇ ಹಾಜರಿ ಕೂಗುತ್ತಿದ್ದ ಹುಡುಗಿ ಇವಳು. “ನಿನ್ ಹೊಸ ಮಿಸ್ಸು ಹೆಂಗ್ ಮಾತಾಡ್ತಾರೆ, ಮಾಡಿ ತೋರ್ಸು ನೋಡೋಣ” ಎಂದು ಕೆಣಕಿದೆ.

“ಬ್ಯಾಡಿ ಸಾ. ನಾನ್ ಮಾತಾಡುದ್ರೆ ನಗ್ತಾರೆ. ಮಾತಾಡ್ದೆ ಇದ್ರೆ ಯಾರೂ ನಗಕಿಲ್ಲ.”

ಈ ರೋಗ ನನಗೆ ಗೊತ್ತು. ನಾನೂ ನಾಲ್ಕನೇ ತರಗತಿಗೆ ಚಂದಕವಾಡಿಯ ಕಡೆಯಿಂದ ಚಾಮರಾಜನಗರದ ಅತ್ತೆ ಮನೆಗೆ ಬಂದು ಬಿದ್ದವನು. ಮೊದಲ ದಿನ “ಓಗ್ಬುಟ್ಟು ಬತ್ತೀನಿ ಮಿಸ್” ಎಂದದ್ದಕ್ಕೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ತಿಂಗಳೊಳಗೆ ಅವರೆಲ್ಲರ ದನಿ ಕಲಿತೆ. ಆಮೇಲೆ ನಾನು ನಗಿಸಿದಾಗ ನಕ್ಕರು. ಎರಡೂ ನಗುವೇ, ವ್ಯತ್ಯಾಸ ಗೊತ್ತಿದ್ದದ್ದು ನನಗೊಬ್ಬನಿಗೆ. ದಸರಾ ರಜೆಗೆ ಊರಿಗೆ ಹೋದಾಗ ಅವ್ವ ತಟ್ಟೆ ಇಡುತ್ತಾ, “ಯಾರಂಗ್ ಮಾತಾಡ್ತಿದ್ದಯ್ಯ ಮಗ?” ಎಂದು ಕೇಳಿದಳು. ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಭೂಮಿಕಳಿಗೆ ಇದನ್ನೆಲ್ಲ ಹೇಳಲಿಲ್ಲ. ಹಾಲಿನ ಡಬ್ಬಿ ತೊಳೆದುಕೊಡುವವರೆಗೆ ಬಾಗಿಲಲ್ಲಿ ನಿಂತಿದ್ದು ಬಂದೆ.

ಆಗಸ್ಟ್ ಕೊನೆಯ ಒಂದು ಸಂಜೆ. ಡೈರಿಯಲ್ಲಿ ಹಾಲು ಹಾಕುವವರೆಲ್ಲ ಹೋಗಿದ್ದರು. ಮಾದೇಶ ಕ್ಯಾನ್‌ಗಳ ಮುಚ್ಚಳ ಬಿಗಿಯುತ್ತಾ, ನನ್ನ ಮುಖ ನೋಡದೆ ಕೇಳಿದ: “ಸಾ, ಎಲ್ರಂಗೂ ಮಾಡ್ತೀರಲ್ಲ. ನಮ್ ಕೂಸು ಈಗ ಎಂಗ್ ಮಾತಾಡ್ತಳೆ, ಒಸಿ ಮಾಡಿ. ಫೋನಲ್ಲಿ ಊಂ, ಊಂ ಅಂತಳೆ ಅಷ್ಟೇಯ.”

ಗಂಟಲು ಸರಿಮಾಡಿಕೊಂಡೆ. ಏನೂ ಬರಲಿಲ್ಲ. ಅನುಕರಿಸಲು ಆ ಮಗು ನನ್ನೆದುರು ಎರಡು ಮಾತಿಗಿಂತ ಹೆಚ್ಚು ಆಡಿರಬೇಕಲ್ಲ. ಅವನನ್ನು ನಿರಾಸೆ ಮಾಡಬಾರದೆಂದು, ಹಿಂದೆ ಹಾಜರಿ ಕೂಗುತ್ತಿದ್ದಳಲ್ಲ, ಆ ದನಿಯನ್ನೇ ಮಾಡಿದೆ. ಜೋರು, ಗತ್ತು, ಸೊಂಟದ ಮೇಲೆ ಕೈ, ಎಲ್ಲವೂ ಅಚ್ಚುಕಟ್ಟು.

ಮಾದೇಶ ಕೇಳಿಸಿಕೊಂಡ. ಕೊನೆಯ ಮುಚ್ಚಳ ಬಿಗಿದ. “ಇದು ಮೊದ್ಲಿಂದು ಸಾ” ಎಂದ. ಆಮೇಲೆ ಡಬ್ಬಿಗೆ ಹಾಲು ಬಗ್ಗಿಸಿದ.

ಸೆಪ್ಟೆಂಬರಿನಲ್ಲಿ ಸಿಆರ್‌ಪಿ ಬಂದರು. ಹತ್ತಾರು ಶಾಲೆ ಸುತ್ತಿ ವರದಿ ಕೊಡುವ ಅಧಿಕಾರಿ ಅವರು. ಪುಸ್ತಕ ತೆರೆದು ಒಂಬತ್ತು ಎಣಿಸಿದರು. ಹತ್ತಕ್ಕಿಂತ ಕಡಿಮೆಯಾದರೆ ಈ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಬರುತ್ತದೆ ಎಂದರು. ಹಾಗಾದರೆ ಉಳಿದ ಒಂಬತ್ತೂ ಹೆದ್ದಾರಿ ದಾಟಿ ನಡೆಯಬೇಕು, ನನ್ನ ಹುದ್ದೆಯೂ ಹೋಗಬೇಕು. ಅವರು ಹೋದ ಮೇಲೆ ಮೇಡಂ ಚಾಕ್‌ಪೀಸ್ ಕೆಳಗಿಟ್ಟರು. “ನಗ್ಸಿ ಕಳ್ಸಿದ್ದು ನೀನು. ಈಗ ಅಳ್ಸಾದ್ರೂ ಕರ್ಕೊಂಡು ಬಾ, ಹೋಗು.”

ಭಾನುವಾರ ಮಂಜುಳಳ ರೂಮಿಗೆ ಹೋದೆ. ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯ ಮಾತು ನನ್ನದಲ್ಲ. ಮರುವರ್ಷ ಶಾಲೆ ಪಕ್ಕದೂರಿಗೆ ಸೇರಿತು. ಮೇಡಂ ವರ್ಗವಾದರು. ನಾನು ಈಗ ಬೇಗೂರಿನ ಕಡೆ ಇನ್ನೊಂದು ಶಾಲೆಗೆ ಅತಿಥಿ. ಹಾಲಿನ ಡಬ್ಬಿ ಈಗ ಯಾರ ಕೈಯಲ್ಲಿ ಹೋಗುತ್ತದೋ ತಿಳಿಯದು. ಒಳ್ಳೆಯ ಶಾಲೆಗಾಗಿ ಮನೆ ಬದಲಾಯಿಸಬೇಕೇ ಎಂದು ಪೋಷಕರು ಈಗಲೂ ಕೇಳುತ್ತಾರೆ. ಹೋಗಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಮನೆಯಲ್ಲಿ ಯಾರು ಉಳಿಯುತ್ತಾರೆ ಎಂದು ಕೇಳುತ್ತೇನೆ. ಸಲಹೆ ಕೊಡುವ ಮುಂಚೆ ಅದರಿಂದ ನನಗೇನು ಸಿಗುತ್ತದೆ ಎಂದು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ಆ ಭಾನುವಾರ.

ಅಂದು ಮಾದೇಶನೂ ಬಂದಿದ್ದ. ಬೆಳಗಿನ ಹಾಲು ಮುಗಿಸಿ ಬಂದವನು ಸಂಜೆಯ ಹಾಲಿಗೆ ಮೂರು ಗಂಟೆಯ ಬಸ್ ಹಿಡಿಯಬೇಕು. ವಾರಕ್ಕೆ ಅಷ್ಟೇ ಅವರ ಸಂಸಾರ. ಭೂಮಿಕ ಅಪ್ಪನ ತೊಡೆಗೆ ಒರಗಿ ಮಗ್ಗಿ ಬರೆಯುತ್ತಿದ್ದಳು. ನಾನು ಯಾರ ದನಿಯೂ ಇಲ್ಲದೆ ಮಾತಾಡಿದೆ: ಮಗು ಬಾಯಿ ಬಿಡುತ್ತಿಲ್ಲ, ಮಾದೇಶ ಒಬ್ಬನೇ ಉಣ್ಣುತ್ತಾನೆ, ನೀನೂ ನಾಲ್ಕು ಗೋಡೆ ನೋಡಿಕೊಂಡು ಕೂತಿದ್ದೀಯ, ವಾಪಸ್ ಬಂದುಬಿಡಿ. ಒಂದೂ ಸುಳ್ಳಲ್ಲ. ಜೇಬಿನಲ್ಲಿ ಖಾಲಿ ದಾಖಲಾತಿ ಅರ್ಜಿ ಇತ್ತು.

ಮಾದೇಶ ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದಿದ್ದರೆ ಅಂದೇ ಪಾತ್ರೆ ಕಟ್ಟುತ್ತಿದ್ದ.

“ಮೂರ್ನೇ ಕ್ಲಾಸಿಗೆ ಬ್ಯಾರೆ ಟೀಚರ್ ಕೊಟ್ಟವ್ರಾ ಸಾ?” ಎಂದಳು ಮಂಜುಳ.

“ಇಲ್ಲ.”

“ಬ್ಯಾರೆ ರೂಮು?”

“ಇಲ್ಲ.”

“ಮತ್ತೆ ಈಗ ಯಾಕ್ ಬನ್ನಿ ಅಂತಿದ್ದರಿ?”

“ಒಂಬತ್ತಾಗ್‌ಬಿಟ್ಟಿದೆ ಮಂಜುಳಮ್ಮ. ಇನ್ನೊಂದು ಮಗು ಬೇಕು” ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ತೊಳೆದಿಟ್ಟಿದ್ದ ಡಬ್ಬಿ ತಂದು ನನ್ನ ಕೈಗಿಟ್ಟಳು.

“ನಮ್ ಕೂಸ್ಗೆ ಸ್ಕೂಲ್ ಬೇಕು ಅಂತ ಇಲ್ಲಿಗ್ ಬಂದೊ ಸಾ. ನಿಮ್ ಸ್ಕೂಲ್ಗೆ ಕೂಸ್ ಬೇಕು ಅಂತ ವಾಪಸ್ ಬರಕ್ಕಾಯ್ತದಾ?”